ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ನಾಳಕ್ಕೆ ಏರಿಸುವ ದ್ರವ: ಯಾವುದು, ಎಷ್ಟು?

(ವಿಲೆಟನ್‌ನಲ್ಲಿ ಸೇರಿದ ಕನ್ನಡ ಬಂಧುಗಳ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಪಠ್ಯ)



ಸಾಹಿತ್ಯ, ಸಂಗೀತಗಳ ಮಾತು ಕೇಳಿ ರೂಢಿಯಾದ ಈ ವೇದಿಕೆಗೆ ಉಪ್ಪು ನೀರಿನ ವಿಷಯವನ್ನು ತಂದಿದ್ದೇವೆ. ಕಾರಣವಿದೆ. ನಮ್ಮ ಸಮುದಾಯದ ಮೊದಲ ತಲೆಮಾರಿನವರು ಈಗ ವೃದ್ಧಾಪ್ಯಕ್ಕೆ ಕಾಲಿಟ್ಟಿದ್ದಾರೆ. ಊರಿನಿಂದ ಬಂದು ಮಕ್ಕಳೊಡನೆ ಇರುವ ತಂದೆತಾಯಿಗಳ ಸಂಖ್ಯೆಯೂ ಬೆಳೆದಿದೆ. ಕರುಳಿನ ಗಡ್ಡೆ, ಜಠರದ ಕ್ಯಾನ್ಸರ್, ಗರ್ಭಕೋಶದ ದೊಡ್ಡ ಶಸ್ತ್ರಚಿಕಿತ್ಸೆ ಇವು ಒಂದಲ್ಲ ಒಂದು ದಿನ ಯಾವುದಾದರೂ ಮನೆಯ ಬಾಗಿಲು ತಟ್ಟುತ್ತವೆ. ಆಗ ಹಾಸಿಗೆಯ ಪಕ್ಕದಲ್ಲಿ ನಿಂತವರ ಕಣ್ಣು ಮೊದಲು ಹೋಗುವುದು ಕಂಬಕ್ಕೆ ತೂಗುಹಾಕಿದ ಚೀಲದ ಕಡೆಗೆ. 'ಏನು ಏರಿಸುತ್ತಿದ್ದಾರೆ? ಸಾಕಾಗುತ್ತದೆಯೇ? ಇನ್ನೊಂದು ಬಾಟ್ಲಿ ಗ್ಲೂಕೋಸ್ ಹಾಕಿದರೆ ಶಕ್ತಿ ಬರುವುದಿಲ್ಲವೇ?' ಈ ಪ್ರಶ್ನೆಗಳು ಸಹಜ. ಇವುಗಳಿಗೆ ವೈದ್ಯಶಾಸ್ತ್ರ ಕೊಟ್ಟ ಉತ್ತರ ಕಳೆದ ಅರವತ್ತು ವರ್ಷಗಳಲ್ಲಿ ಎರಡು ಬಾರಿ ತಿರುವು ಪಡೆದಿದೆ. ಎರಡನೆಯ ತಿರುವಿಗೆ ಕಾರಣವಾದ ಅಧ್ಯಯನ ಬಹುಪಾಲು ನಾವು ನೆಲೆಸಿರುವ ಈ ದೇಶದಲ್ಲಿಯೇ ನಡೆಯಿತು. ಆ ಕಥೆಯನ್ನು ತಮ್ಮ ಮುಂದಿಡುವುದು ನಮ್ಮ ಉದ್ದೇಶ.

ಕಾಲರಾದಿಂದ ಕಪ್ಪೆಯವರೆಗೆ

ನಾಳಕ್ಕೆ ಉಪ್ಪು ನೀರು ಏರಿಸುವ ಪದ್ಧತಿ ಹುಟ್ಟಿದ್ದು ಕಾಲರಾ ಮಾರಿಯ ಎದುರಿನಲ್ಲಿ. 1831ರ ಕೊನೆಯಲ್ಲಿ ಇಂಗ್ಲೆಂಡಿನ ಉತ್ತರ ಭಾಗದಲ್ಲಿ ಆ ರೋಗ ಹಬ್ಬಿದಾಗ ವಿಲಿಯಂ ಓ'ಶಾನೆಸಿ ಎಂಬ ತರುಣ ಐರಿಷ್ ವೈದ್ಯರು ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣಗಳೂ ಕಡಿಮೆಯಾಗಿರುವುದನ್ನು ಕಂಡುಹಿಡಿದರು. ಮುಂದೆ ಅವರು ಈಸ್ಟ್ ಇಂಡಿಯಾ ಕಂಪೆನಿಯ ಸೇವೆಗೆ ಸೇರಿ ಕಲ್ಕತ್ತೆಗೆ ಬಂದರು. ಭಾರತದ ತಂತಿ ವ್ಯವಸ್ಥೆಯನ್ನು ಕಟ್ಟಿದವರೂ ಅವರೇ. ಅವರ ಸಲಹೆಯನ್ನು ಕಾರ್ಯರೂಪಕ್ಕೆ ತಂದವರು ಸ್ಕಾಟ್ಲೆಂಡಿನ ಲೀತ್ ಪಟ್ಟಣದ ಥಾಮಸ್ ಲಾಟಾ, 1832ರಲ್ಲಿ. ಸಾವಿನ ಅಂಚಿನಲ್ಲಿದ್ದ ವೃದ್ಧೆಯೊಬ್ಬಳ ನಾಳಕ್ಕೆ ಅವರು ಉಪ್ಪಿನ ದ್ರಾವಣ ಏರಿಸಿದರು. ಆಕೆಯ ನಾಡಿ ಮರಳಿತು, ಮುಖದಲ್ಲಿ ಕಳೆ ಮೂಡಿತು. ಆದರೆ ಭೇದಿ ಮತ್ತೆ ಶುರುವಾದಾಗ ದ್ರವ ಮುಂದುವರಿಯಲಿಲ್ಲ, ಆಕೆ ಉಳಿಯಲಿಲ್ಲ. 'ಯಾವುದು' ಎಂಬ ಪ್ರಶ್ನೆಯ ಜೊತೆಯಲ್ಲಿಯೇ 'ಎಷ್ಟು, ಎಲ್ಲಿಯವರೆಗೆ' ಎಂಬ ಪ್ರಶ್ನೆಯೂ ಅಂದೇ ಹುಟ್ಟಿತು.

ಅರ್ಧ ಶತಮಾನದ ನಂತರ ಲಂಡನ್ನಿನಲ್ಲಿ ಸಿಡ್ನಿ ರಿಂಗರ್ ಎಂಬ ವೈದ್ಯರು ಕಪ್ಪೆಯ ಹೃದಯವನ್ನು ಉಪ್ಪು ನೀರಿನಲ್ಲಿಟ್ಟು ಪ್ರಯೋಗ ಮಾಡುತ್ತಿದ್ದರು. ಒಮ್ಮೆ ಹೃದಯ ಎಂದಿಗಿಂತ ಬಹಳ ಹೊತ್ತು ಮಿಡಿಯಿತು. ವಿಚಾರಿಸಿದಾಗ, ಸಹಾಯಕ ಬಟ್ಟಿಯಿಳಿಸಿದ ನೀರಿನ ಬದಲು ನಲ್ಲಿಯ ನೀರನ್ನು ಬಳಸಿದ್ದು ತಿಳಿಯಿತು. ಆ ನೀರಿನಲ್ಲಿದ್ದ ಸುಣ್ಣದ ಅಂಶವೇ, ಅಂದರೆ ಕ್ಯಾಲ್ಸಿಯಂ, ಹೃದಯವನ್ನು ನಡೆಸಿತ್ತು. ಹೀಗೆ 1880ರ ದಶಕದಲ್ಲಿ ರಿಂಗರ್ ದ್ರಾವಣ ರೂಪುಗೊಂಡಿತು. 1932ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನ ಮಕ್ಕಳ ವೈದ್ಯ ಅಲೆಕ್ಸಿಸ್ ಹಾರ್ಟ್‌ಮನ್, ಭೇದಿಯಿಂದ ರಕ್ತ ಆಮ್ಲೀಯವಾದ ಮಕ್ಕಳಿಗಾಗಿ ಅದಕ್ಕೆ ಲ್ಯಾಕ್ಟೇಟನ್ನು ಸೇರಿಸಿದರು. ಕರ್ನಾಟಕದ ಆಸ್ಪತ್ರೆಗಳಲ್ಲಿ 'ಆರ್.ಎಲ್.' ಎಂದು, ಇಲ್ಲಿ 'ಹಾರ್ಟ್‌ಮನ್' ಎಂದು ಕರೆಯುವುದು ಈ ಬಗೆಯ ದ್ರಾವಣವನ್ನೇ.

ಚೀಲದೊಳಗೆ ಏನಿದೆ?

ಎಪ್ಪತ್ತು ಕಿಲೋ ತೂಕದ ಮನುಷ್ಯನ ದೇಹದಲ್ಲಿ ಸುಮಾರು 42 ಲೀಟರ್ ನೀರಿರುತ್ತದೆ. ಅದರ ಮೂರರಲ್ಲಿ ಎರಡು ಪಾಲು ಜೀವಕೋಶಗಳ ಒಳಗೆ, ಒಂದು ಪಾಲು ಹೊರಗೆ. ರಕ್ತನಾಳಗಳಲ್ಲಿ ಹರಿಯುವ ದ್ರವಭಾಗ ಮೂರು ಲೀಟರಿನಷ್ಟು ಮಾತ್ರ. ನಾಳಕ್ಕೆ ಏರಿಸಿದ ದ್ರವ ನಾಳದಲ್ಲಿಯೇ ಉಳಿಯುತ್ತದೆಂದು ಭಾವಿಸುವುದು ಸರಿಯಲ್ಲ. ಅದರಲ್ಲಿ ಏನು ಕರಗಿದೆ ಎಂಬುದರ ಮೇಲೆ ಅದು ಎಲ್ಲಿಗೆ ಹೋಗುತ್ತದೆಂಬುದು ನಿಂತಿದೆ.

ಮೊದಲು ನಮ್ಮವರಿಗೆ ಅತಿ ಪ್ರಿಯವಾದ ಗ್ಲೂಕೋಸನ್ನು ನೋಡೋಣ. ಶೇಕಡಾ 5ರ ಗ್ಲೂಕೋಸ್ ದ್ರಾವಣದ ಒಂದು ಲೀಟರಿನಲ್ಲಿ 50 ಗ್ರಾಂ ಸಕ್ಕರೆ ಇದೆ. ಅದರಿಂದ ಸಿಗುವ ಶಕ್ತಿ 200 ಕ್ಯಾಲರಿಯನ್ನು ಮೀರದು. ನಾಲ್ಕೈದು ಇಡ್ಲಿಗೆ ಸಮವೆನ್ನಬಹುದು. ಸಕ್ಕರೆ ದೇಹದಲ್ಲಿ ಬಳಕೆಯಾದ ಮೇಲೆ ಉಳಿಯುವುದು ಬರಿಯ ನೀರು. ಆ ನೀರು ದೇಹದ ಎಲ್ಲ ಕೋಶಗಳಿಗೂ ಹರಡಿ, ರಕ್ತನಾಳದಲ್ಲಿ ಹತ್ತರಲ್ಲಿ ಒಂದು ಪಾಲೂ ನಿಲ್ಲುವುದಿಲ್ಲ. ಶಸ್ತ್ರಚಿಕಿತ್ಸೆಯ ನಂತರ ನೋವು, ವಾಕರಿಕೆ, ಒತ್ತಡಗಳ ಕಾರಣ ದೇಹ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಆ ಹೊತ್ತಿನಲ್ಲಿ ಬರಿಯ ನೀರನ್ನು ಸುರಿದರೆ ರಕ್ತದ ಸೋಡಿಯಂ ಕುಸಿದು, ಮಿದುಳು ಊದಿಕೊಂಡು, ರೋಗಿ ಗೊಂದಲಕ್ಕೆ ಬೀಳಬಹುದು. ಅತಿಯಾದರೆ ಸೆಳವು ಬರಬಹುದು, ಪ್ರಾಣವೂ ಹೋಗಬಹುದು. ಆದ್ದರಿಂದ ಶಸ್ತ್ರಚಿಕಿತ್ಸೆಯಲ್ಲಿ ರಕ್ತದೊತ್ತಡ ಕಾಯಲು ಗ್ಲೂಕೋಸ್ ಸಲ್ಲದು.

ಎರಡನೆಯದು ಶೇಕಡಾ 0.9ರ ಉಪ್ಪು ನೀರು, ವಾಡಿಕೆಯ ಮಾತಿನಲ್ಲಿ 'ನಾರ್ಮಲ್ ಸಲೈನ್'. ಹೆಸರಿನಲ್ಲಿ ಮಾತ್ರ ಅದು 'ನಾರ್ಮಲ್'. ಒಂದು ಲೀಟರಿನಲ್ಲಿ 9 ಗ್ರಾಂ ಉಪ್ಪಿದೆ. ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ತಿನ್ನಿರೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ; ಮೂರು ಚೀಲ ಏರಿಸಿದರೆ ಐದು ದಿನಗಳ ಉಪ್ಪು ಒಂದೇ ದಿನ ಒಳಹೊಕ್ಕಂತೆ. ಈ ನೀರಿನಲ್ಲಿ ಸೋಡಿಯಂ, ಕ್ಲೋರೈಡ್ ಎರಡೂ ಲೀಟರಿಗೆ 154 ಮಿಲಿಮೋಲ್. ನಮ್ಮ ರಕ್ತದಲ್ಲಿ ಸೋಡಿಯಂ 140ರ ಆಸುಪಾಸು, ಕ್ಲೋರೈಡ್ 100ರ ಆಸುಪಾಸು. ಹೆಚ್ಚಾದ ಕ್ಲೋರೈಡ್ ರಕ್ತವನ್ನು ಆಮ್ಲೀಯಗೊಳಿಸುತ್ತದೆ. ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನೂ ಕುಗ್ಗಿಸಬಲ್ಲದು.

ಮೂರನೆಯವು ಸಮತೋಲಿತ ದ್ರಾವಣಗಳು. ಹಾರ್ಟ್‌ಮನ್ ದ್ರಾವಣದಲ್ಲಿ ಸೋಡಿಯಂ 131, ಕ್ಲೋರೈಡ್ 111, ಜೊತೆಗೆ ಕೊಂಚ ಪೊಟ್ಯಾಷಿಯಂ, ಕ್ಯಾಲ್ಸಿಯಂ ಮತ್ತು ಲ್ಯಾಕ್ಟೇಟ್. ಪ್ಲಾಸ್ಮಾಲೈಟ್ 148ರಲ್ಲಿ ಸೋಡಿಯಂ 140, ಕ್ಲೋರೈಡ್ 98. ರಕ್ತದ ಸ್ವಭಾವಕ್ಕೆ ಇವು ಹತ್ತಿರ. ಹೊಟ್ಟೆಯ ಶಸ್ತ್ರಚಿಕಿತ್ಸೆಯಲ್ಲಿ ಇಂದು ಸಾಮಾನ್ಯವಾಗಿ ಆಯ್ದುಕೊಳ್ಳುವುದು ಇವನ್ನೇ. ಹಾಗೆಂದು ಸಲೈನ್ ವಿಷವಲ್ಲ. 2022ರಲ್ಲಿ ಪ್ರಕಟವಾದ, ಆಸ್ಟ್ರೇಲಿಯ ಮತ್ತು ನ್ಯೂಜಿಲೆಂಡಿನ 53 ತೀವ್ರನಿಗಾ ಘಟಕಗಳ 5,037 ರೋಗಿಗಳ 'ಪ್ಲಸ್' ಅಧ್ಯಯನದಲ್ಲಿ ಪ್ಲಾಸ್ಮಾಲೈಟ್ ಪಡೆದವರಿಗೂ ಸಲೈನ್ ಪಡೆದವರಿಗೂ 90 ದಿನಗಳೊಳಗಿನ ಸಾವಿನ ಪ್ರಮಾಣ ಹೆಚ್ಚು ಕಡಿಮೆ ಒಂದೇ ಆಗಿತ್ತು: ಶೇಕಡಾ 21.8 ಮತ್ತು 22.0. ತಲೆಗೆ ಪೆಟ್ಟಾದವರಿಗೆ ಸಲೈನೇ ಮೇಲು. ವಾಂತಿಯಿಂದ ಜಠರದ ಆಮ್ಲವನ್ನು ಬಹಳವಾಗಿ ಕಳೆದುಕೊಂಡವರಿಗೂ ಕ್ಲೋರೈಡ್ ಬೇಕಾಗುತ್ತದೆ.

ನಾಲ್ಕನೆಯವು ನಾಳದಲ್ಲಿ ಹೆಚ್ಚು ಹೊತ್ತು ನಿಲ್ಲಲೆಂದು ಮಾಡಿದ ದಪ್ಪ ದ್ರವಗಳು. ರಕ್ತದಿಂದ ತೆಗೆದ ಆಲ್ಬುಮಿನ್ ಒಂದು. 2004ರ 'ಸೇಫ್' ಅಧ್ಯಯನದಲ್ಲಿ ಇವೇ ಎರಡು ದೇಶಗಳ ಸುಮಾರು 7,000 ರೋಗಿಗಳಲ್ಲಿ ಅದನ್ನು ಸಲೈನಿನೊಡನೆ ತೂಗಿ ನೋಡಿದಾಗ ಒಟ್ಟಾರೆ ಸಾವಿನ ಸಂಖ್ಯೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಇನ್ನೊಂದು ಪಿಷ್ಟದಿಂದ ತಯಾರಿಸಿದ ಸ್ಟಾರ್ಚ್ ದ್ರಾವಣ. ಇದನ್ನು ಹೊಗಳಿದ ಜರ್ಮನಿಯ ಸಂಶೋಧಕರೊಬ್ಬರ ಹತ್ತಾರು ಪ್ರಬಂಧಗಳನ್ನು 2011ರಲ್ಲಿ ಪತ್ರಿಕೆಗಳು ಹಿಂತೆಗೆದುಕೊಂಡವು. ಮರುವರ್ಷ ಇಲ್ಲಿಯ 7,000 ರೋಗಿಗಳ 'ಚೆಸ್ಟ್' ಅಧ್ಯಯನ, ಸ್ಟಾರ್ಚ್ ಪಡೆದವರಲ್ಲಿ ಕೃತಕ ಮೂತ್ರಪಿಂಡದ ಅಗತ್ಯ ಹೆಚ್ಚೆಂದು ತೋರಿಸಿತು. ಶಾಸ್ತ್ರದಲ್ಲಿ ಬರೆದದ್ದನ್ನೂ ಪರೀಕ್ಷಿಸಿ ನೋಡಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಹೆಚ್ಚೋ, ಕಡಿಮೆಯೋ?

ಈಗ ಪ್ರಮಾಣದ ಪ್ರಶ್ನೆ. 1961ರಲ್ಲಿ ಅಮೆರಿಕದ ಡಲ್ಲಾಸ್ ನಗರದ ಟಾಮ್ ಶೈರ್ಸ್ ಮತ್ತು ಸಂಗಡಿಗರು ಒಂದು ಸಿದ್ಧಾಂತ ಮಂಡಿಸಿದರು. ದೊಡ್ಡ ಶಸ್ತ್ರಚಿಕಿತ್ಸೆಯಲ್ಲಿ ದೇಹದ ದ್ರವ ಗಾಯಗೊಂಡ ಅಂಗಾಂಶಗಳ ಯಾವುದೋ 'ಮೂರನೆಯ ಜಾಗ'ಕ್ಕೆ ಸೋರಿಹೋಗುತ್ತದೆ, ಅದನ್ನು ತುಂಬಿಕೊಡಬೇಕು ಎಂಬುದು ಅದರ ಸಾರ. ಅಂದಿನಿಂದ ಧಾರಾಳವಾಗಿ ದ್ರವ ಕೊಡುವುದೇ ವೈದ್ಯಧರ್ಮವಾಯಿತು. ಹೊಟ್ಟೆಯ ಶಸ್ತ್ರಚಿಕಿತ್ಸೆ ಮುಗಿಸಿಕೊಂಡ ರೋಗಿ ಮೂರು, ನಾಲ್ಕು, ಕೆಲವೊಮ್ಮೆ ಆರು ಕಿಲೋ ತೂಕ ಹೆಚ್ಚಿಸಿಕೊಂಡು ವಾರ್ಡಿಗೆ ಬರುವುದು ಯಾರಿಗೂ ವಿಚಿತ್ರವೆನಿಸಲಿಲ್ಲ.

ಆ ನೀರು ಎಲ್ಲಿ ಸೇರುತ್ತದೆ? ಕಾಲಿನ ಬಾವು ಕಣ್ಣಿಗೆ ಕಾಣುತ್ತದೆ. ಕರುಳಿನ ಬಾವು ಕಾಣುವುದಿಲ್ಲ. ಊದಿದ ಕರುಳು ಚಲಿಸುವುದಿಲ್ಲ, ಹೊಲಿಗೆ ಬೇಗ ಕೂಡುವುದಿಲ್ಲ. ಶ್ವಾಸಕೋಶ ಒದ್ದೆಯಾದರೆ ಉಸಿರು ಕಟ್ಟುತ್ತದೆ. 2002ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ನ ದಿಲೀಪ್ ಲೋಬೊ ಮತ್ತು ಸಹೋದ್ಯೋಗಿಗಳು ದೊಡ್ಡಕರುಳಿನ ಶಸ್ತ್ರಚಿಕಿತ್ಸೆಯಾದ ಕೇವಲ 20 ರೋಗಿಗಳನ್ನು ಎರಡು ಗುಂಪು ಮಾಡಿ ಅಧ್ಯಯನ ನಡೆಸಿದರು. ವಾಡಿಕೆಯಷ್ಟು ಉಪ್ಪು ನೀರು ಪಡೆದವರ ಜಠರ ನಿಧಾನವಾಗಿ ಖಾಲಿಯಾಯಿತು, ಮಲವಿಸರ್ಜನೆ ತಡವಾಯಿತು, ಮನೆಗೆ ಹೋಗಲು ಮೂರು ದಿನ ಹೆಚ್ಚು ಹಿಡಿಯಿತು. ಮರುವರ್ಷ ಡೆನ್ಮಾರ್ಕಿನ ಬಿರ್ಗಿಟ್ಟೆ ಬ್ರಾಂಡ್‌ಸ್ಟ್ರುಪ್ ಅವರ 172 ರೋಗಿಗಳ ಅಧ್ಯಯನದಲ್ಲಿ, ಕಡಿಮೆ ದ್ರವ ಪಡೆದವರಲ್ಲಿ ಶೇಕಡಾ 33 ಮಂದಿಗೆ ತೊಡಕುಗಳಾದರೆ ವಾಡಿಕೆಯ ಗುಂಪಿನಲ್ಲಿ ಶೇಕಡಾ 51 ಮಂದಿಗೆ ಆದವು. ಲೋಕ ತಿರುಗಿತು. 'ಒಣಗಿಸಿಡಿ' ಎಂಬುದು ಹೊಸ ಮಂತ್ರವಾಯಿತು. ಶಸ್ತ್ರಚಿಕಿತ್ಸೆಯ ನಂತರ ಬೇಗ ಚೇತರಿಸಿಕೊಳ್ಳಲು ರೂಪಿಸಿದ ಕಾರ್ಯಕ್ರಮಗಳಲ್ಲಿ ಅದು ಸೇರಿತು.

ಆದರೆ ಸಣ್ಣ ಅಧ್ಯಯನಗಳ ಮೇಲೆ ದೊಡ್ಡ ನಿಯಮ ಕಟ್ಟಬಹುದೇ? ಮೆಲ್ಬರ್ನ್‌ನ ಆಲ್‌ಫ್ರೆಡ್ ಆಸ್ಪತ್ರೆ ಹಾಗೂ ಮೊನಾಶ್ ವಿಶ್ವವಿದ್ಯಾಲಯದ ಪಾಲ್ ಮೈಲ್ಸ್ ನೇತೃತ್ವದಲ್ಲಿ ಇದನ್ನು ಪರೀಕ್ಷಿಸಲು 'ರಿಲೀಫ್' ಎಂಬ ಅಧ್ಯಯನ ಆರಂಭವಾಯಿತು. 2013ರಿಂದ 2016ರವರೆಗೆ 7 ದೇಶಗಳ 47 ಆಸ್ಪತ್ರೆಗಳಲ್ಲಿ 3,000 ರೋಗಿಗಳು ಇದಕ್ಕೆ ಸೇರಿದರು. ನಮ್ಮ ಪರ್ತ್‌ನ ರಾಯಲ್ ಪರ್ತ್ ಆಸ್ಪತ್ರೆಯ, ಅಡಿಲೇಡಿನ ರಾಯಲ್ ಅಡಿಲೇಡ್ ಆಸ್ಪತ್ರೆಯ ವೈದ್ಯರೂ ಇದರ ಲೇಖಕರ ಸಾಲಿನಲ್ಲಿದ್ದಾರೆ. ಚೀಟಿ ಎತ್ತಿದಂತೆ ಅರ್ಧದಷ್ಟು ಜನರಿಗೆ ಬಿಗಿಹಿಡಿತದ ದ್ರವ, ಉಳಿದವರಿಗೆ ಧಾರಾಳ. ಮೊದಲ 24 ಗಂಟೆಗಳಲ್ಲಿ ಮೊದಲನೆಯವರಿಗೆ ಸಂದದ್ದು ಸುಮಾರು 3.7 ಲೀಟರ್, ಎರಡನೆಯವರಿಗೆ 6.1 ಲೀಟರ್. ಎರಡು ಗುಂಪಿಗೂ ಕೊಟ್ಟದ್ದು ಸಮತೋಲಿತ ದ್ರಾವಣವೇ.

ಅವರು ಕೇಳಿದ ಮುಖ್ಯ ಪ್ರಶ್ನೆ ನಮಗೆ ಬಹಳ ಮೆಚ್ಚುಗೆಯಾದದ್ದು. 'ರೋಗಿ ಬದುಕಿದ್ದಾನೆಯೇ' ಎಂದಷ್ಟೇ ಅವರು ಕೇಳಲಿಲ್ಲ. ಒಂದು ವರ್ಷದ ನಂತರ ರೋಗಿ ಅಂಗಬಲ ಕುಂದದೆ, ತನ್ನ ದಿನನಿತ್ಯದ ಕೆಲಸ ಮಾಡಿಕೊಂಡು ಬದುಕಿದ್ದಾನೆಯೇ ಎಂದು ಕೇಳಿದರು. ತಾನೇ ಸ್ನಾನ ಮಾಡಿ, ತಾನೇ ನಡೆದು, ನಾಲ್ಕು ಜನರೊಡನೆ ಬೆರೆಯುವುದೇ ನಮ್ಮ ಹಿರಿಯರೂ ಬೇಡುವ ಬಾಳು ತಾನೇ?

2018ರಲ್ಲಿ ಫಲಿತಾಂಶ ಹೊರಬಂತು. ಆ ಮುಖ್ಯ ಪ್ರಶ್ನೆಗೆ ಎರಡೂ ಗುಂಪಿನ ಉತ್ತರ ಸರಿಸಮ: ಬಿಗಿಹಿಡಿತದವರಲ್ಲಿ ಶೇಕಡಾ 81.9, ಧಾರಾಳದವರಲ್ಲಿ 82.3. ಆದರೆ ಮೂತ್ರಪಿಂಡದ ವಿಷಯದಲ್ಲಿ ವ್ಯತ್ಯಾಸ ಸ್ಪಷ್ಟವಾಗಿತ್ತು. ಬಿಗಿಹಿಡಿತದ ಗುಂಪಿನಲ್ಲಿ ಸಾವಿರಕ್ಕೆ 86 ಮಂದಿಗೆ ಮೂತ್ರಪಿಂಡಕ್ಕೆ ತೀವ್ರ ಘಾತವಾಯಿತು; ಧಾರಾಳದ ಗುಂಪಿನಲ್ಲಿ 50 ಮಂದಿಗೆ. ಕೃತಕ ಮೂತ್ರಪಿಂಡದ ನೆರವು ಬೇಕಾದವರು ಸಾವಿರಕ್ಕೆ 9 ಮತ್ತು 3. ಗೆಲ್ಲುವುದೆಂದು ಎಲ್ಲರೂ ನಿರೀಕ್ಷಿಸಿದ್ದ ಬಿಗಿಹಿಡಿತ ಗೆಲ್ಲಲಿಲ್ಲ. ಹೃದಯ ಹೊರದೂಡುವ ರಕ್ತದ ಐದರಲ್ಲಿ ಒಂದು ಪಾಲನ್ನು ಬೇಡುವ ಮೂತ್ರಪಿಂಡ ನೀರಿನ ಅಭಾವವನ್ನು ಮೊದಲು ಸಾರಿತು.

ಹಾಗಾದರೆ ಹಳೆಯ ಧಾರಾಳವೇ ಸರಿಯೆಂದು ತೀರ್ಮಾನಿಸಬಹುದೇ? ಅದೂ ತಪ್ಪಾದೀತು. ಈ ಅಧ್ಯಯನದ 'ಧಾರಾಳ'ವು ಹಿಂದಿನ ಕಾಲದ ಆರು ಕಿಲೋ ತೂಕದ ಧಾರಾಳವಲ್ಲ; ಅಳತೆಯಿದ್ದ ಧಾರಾಳ. ಇದರಿಂದ ಒಡಮೂಡಿದ ಇಂದಿನ ತಿಳಿವಳಿಕೆ ಹೀಗಿದೆ: ದೊಡ್ಡ ಶಸ್ತ್ರಚಿಕಿತ್ಸೆಯ ಕೊನೆಗೆ ರೋಗಿಯ ಖಾತೆಯಲ್ಲಿ ಹೋದದ್ದಕ್ಕಿಂತ ಬಂದದ್ದು ಒಂದೆರಡು ಲೀಟರ್ ಹೆಚ್ಚಿದ್ದರೆ ಒಳಿತು, ಅದಕ್ಕಿಂತ ಬಹಳ ಹೆಚ್ಚೂ ಬೇಡ, ಕಡಿಮೆಯೂ ಬೇಡ. ತುರ್ತು ಶಸ್ತ್ರಚಿಕಿತ್ಸೆಯವರನ್ನೂ, ಯಕೃತ್ತಿನ ಭಾಗ ತೆಗೆಸಿಕೊಂಡವರನ್ನೂ, ಡಯಾಲಿಸಿಸ್ ಮೇಲಿದ್ದವರನ್ನೂ ಈ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ. ಅವರ ಲೆಕ್ಕ ಬೇರೆ. ಹೃದಯ ದುರ್ಬಲವಾದವರ ವಿಷಯದಲ್ಲೂ ಕೈ ಬಿಗಿಯಾಗಿಯೇ ಇರಬೇಕಾಗುತ್ತದೆ. ಆದ್ದರಿಂದಲೇ ಅರಿವಳಿಕೆ ವೈದ್ಯರು ಕೇವಲ ಸೂತ್ರವನ್ನು ನಂಬದೆ ರಕ್ತದೊತ್ತಡ, ನಾಡಿಯ ಏರಿಳಿತ, ಮೂತ್ರದ ಪ್ರಮಾಣ, ರಕ್ತಸ್ರಾವ, ರಕ್ತದಲ್ಲಿನ ಲ್ಯಾಕ್ಟೇಟ್ ಎಲ್ಲವನ್ನೂ ನೋಡುತ್ತ ಕೈ ಸಡಿಲಿಸುತ್ತಾರೆ, ಬಿಗಿಹಿಡಿಯುತ್ತಾರೆ.

ಬಳ್ಳಾರಿಯ ದುಃಖ

ಯಾವುದು, ಎಷ್ಟು ಎಂಬ ಚರ್ಚೆಗೆ ಮುಂಚೆ ಇನ್ನೊಂದು ಪ್ರಶ್ನೆಯಿದೆ: ಚೀಲದೊಳಗಿನದು ಶುದ್ಧವೇ? 2024ರ ನವೆಂಬರಿನಲ್ಲಿ ಬಳ್ಳಾರಿಯ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಹೆರಿಗೆಯಾದ ಐವರು ಬಾಣಂತಿಯರು ಒಬ್ಬರ ಹಿಂದೊಬ್ಬರಂತೆ ತೀರಿಕೊಂಡರು. ಅವರಿಗೆ ಏರಿಸಿದ್ದ ರಿಂಗರ್ ಲ್ಯಾಕ್ಟೇಟಿನ ಗುಣಮಟ್ಟದ ಮೇಲೆ ಶಂಕೆ ಬಂತು. ರಾಜ್ಯ ಸರಕಾರ ಆ ತಯಾರಕರ ದ್ರಾವಣದ ಬಳಕೆಯನ್ನು ತಡೆದು, ತನಿಖೆ ನಡೆಸಿ, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ನಾವು ಇಲ್ಲಿ ಪ್ಲಾಸ್ಮಾಲೈಟೋ ಹಾರ್ಟ್‌ಮನ್ನೋ ಎಂದು ಸೂಕ್ಷ್ಮವಾಗಿ ವಾದಿಸುತ್ತಿರುವಾಗ, ನಮ್ಮ ತಾಯ್ನಾಡಿನ ಹೆಣ್ಣುಮಕ್ಕಳಿಗೆ ಶುದ್ಧವಾದ ಒಂದು ಚೀಲ ಸಿಗುವುದೇ ಪ್ರಾಣದ ಪ್ರಶ್ನೆಯಾಗಿತ್ತು. ಊರಿನ ಆಸ್ಪತ್ರೆಗಳಿಗೆ ದೇಣಿಗೆ ಕೊಡಲು ಮನಸ್ಸುಳ್ಳವರು ದೊಡ್ಡ ಯಂತ್ರಗಳ ಜೊತೆಗೆ ಔಷಧ ಪರೀಕ್ಷೆಯಂತಹ ಸಾಮಾನ್ಯ ಕಾರ್ಯಗಳನ್ನೂ ನೆನೆಯಬೇಕೆಂಬುದು ನಮ್ಮ ವಿನಂತಿ. ಅದೇ 2024ರಲ್ಲಿ ಈ ಸಂಪನ್ನ ದೇಶದಲ್ಲಿಯೂ ಸಲೈನ್ ಮತ್ತು ಹಾರ್ಟ್‌ಮನ್ ಚೀಲಗಳಿಗೆ ಕೊರತೆ ಬಂದು, ಆಸ್ಪತ್ರೆಗಳು ಮಿತವಾಗಿ ಬಳಸಬೇಕಾಯಿತು. ಉಪ್ಪು ನೀರೆಂದರೆ ಅಗ್ಗವೆಂಬ ಉದಾಸೀನ ಎಲ್ಲಿಯೂ ಸಲ್ಲದು.

ಮನೆಯವರು ಮಾಡಬಹುದಾದದ್ದು

ದ್ರವದ ಆಯ್ಕೆ ವೈದ್ಯರದು. ಆದರೆ ಸರಿಯಾದ ಆಯ್ಕೆಗೆ ಬೇಕಾದ ಸಂಗತಿಗಳು ಮನೆಯವರ ಬಳಿ ಇರುತ್ತವೆ.

ಒಂದು, ಉಪವಾಸ. ಮರುದಿನ ಆಪರೇಷನ್ ಎಂದರೆ ಹಿಂದಿನ ಸಂಜೆಯಿಂದಲೇ ನಿರ್ಜಲ ಏಕಾದಶಿ ಮಾಡುವ ಹಿರಿಯರು ನಮ್ಮಲ್ಲಿ ಅನೇಕರು. ಇದರಿಂದ ದೇಹ ಒಣಗಿ, ಅರಿವಳಿಕೆ ಕೊಟ್ಟೊಡನೆ ರಕ್ತದೊತ್ತಡ ಕುಸಿಯುತ್ತದೆ. ಸಾಮಾನ್ಯವಾಗಿ ಗಟ್ಟಿ ಆಹಾರವನ್ನು 6 ಗಂಟೆ ಮೊದಲು ನಿಲ್ಲಿಸಿದರೆ ಸಾಕು. ತಿಳಿನೀರನ್ನು 2 ಗಂಟೆ ಮೊದಲಿನವರೆಗೂ ಮಿತವಾಗಿ ಕುಡಿಯಬಹುದು. ಹಾಲು ಹಾಕಿದ ಕಾಫಿ, ಮಜ್ಜಿಗೆ, ಗಂಜಿ ಇವು ತಿಳಿನೀರಲ್ಲ. ಕೆಲವರಿಗೆ ಬೇರೆ ನಿಯಮವಿರಬಹುದಾದ್ದರಿಂದ ಆಸ್ಪತ್ರೆ ಕೊಟ್ಟ ಚೀಟಿಯನ್ನು ಓದಿ ಅದರಂತೆಯೇ ನಡೆಯಿರಿ.

ಎರಡು, ಔಷಧಗಳ ಪಟ್ಟಿ. ರಕ್ತದೊತ್ತಡದ ಗುಳಿಗೆ, ಮೂತ್ರ ಹೆಚ್ಚಿಸುವ ಗುಳಿಗೆ, ಮಂಡಿನೋವಿಗೆ ನುಂಗುವ ಬ್ರೂಫೆನ್‌ನಂತಹವು, ಊರಿನಿಂದ ತಂದ ಭಸ್ಮ, ಲೇಹ್ಯಗಳು ಎಲ್ಲವನ್ನೂ ಹೇಳಿರಿ. ಇವುಗಳಲ್ಲಿ ಹಲವು ಮೂತ್ರಪಿಂಡಕ್ಕೆ ಸಂಬಂಧಿಸಿದವು. ಡಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಎಂಬ ಮಧುಮೇಹದ ಗುಳಿಗೆಗಳನ್ನು ಕೆಲವು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಅದನ್ನು ವೈದ್ಯರನ್ನು ಕೇಳಿಯೇ ಮಾಡಿರಿ.

ಮೂರು, ಭಾಷೆ. 'ಬಾಯಿ ಒಣಗುತ್ತಿದೆ', 'ಕಾಲು ಭಾರವಾಗಿದೆ', 'ಮಲಗಿದರೆ ಉಸಿರು ಸಾಲದು' ಎಂಬ ಮಾತುಗಳು ದ್ರವದ ಲೆಕ್ಕಕ್ಕೆ ಅಮೂಲ್ಯ ಸುಳಿವುಗಳು. ಇಂಗ್ಲಿಷ್ ಬಾರದ ತಾಯಿ ಅವನ್ನು ನುಂಗಿಕೊಳ್ಳುತ್ತಾಳೆ. ಕನ್ನಡ ದುಭಾಷಿ ಬೇಕೆಂದು ಮುಂಚಿತವಾಗಿಯೇ ಆಸ್ಪತ್ರೆಗೆ ತಿಳಿಸಿರಿ. ದೂರವಾಣಿಯ ಮೂಲಕವೂ ಏರ್ಪಾಡು ಮಾಡಲು ಬರುತ್ತದೆ.

ನಾಲ್ಕು, ಎಳನೀರು. ಪ್ರೀತಿಯಿಂದ ತರುವ ಈ ಅಮೃತದಲ್ಲಿ ಪೊಟ್ಯಾಷಿಯಂ ಹೇರಳ, ಸೋಡಿಯಂ ಕಡಿಮೆ. ಮೂತ್ರಪಿಂಡ ಸೊರಗಿರುವ ದಿನ ಪೊಟ್ಯಾಷಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ದಾದಿಯರನ್ನು ಕೇಳದೆ ಕುಡಿಸಬೇಡಿರಿ.

ಐದು, ಡ್ರಿಪ್ ತೆಗೆದಾಗ ಗಾಬರಿ ಬೇಡ. ಬಾಯಿಯಿಂದ ಕುಡಿಯಲು ಶಕ್ತನಾದ ರೋಗಿಗೆ ಕೊಳವೆಯ ಅಗತ್ಯ ತೀರಿತು. ಶಸ್ತ್ರಚಿಕಿತ್ಸೆಯಾದ ದಿನವೇ ಗುಟುಕು ನೀರು, ಮರುದಿನ ಮೆದು ಆಹಾರ ಕೊಡುವುದು ಈಗ ಹಲವೆಡೆ ರೂಢಿ. 'ಡ್ರಿಪ್ ತೆಗೆದರು, ಕೈಬಿಟ್ಟರು' ಎಂದು ಮನೆಯವರು ಕಣ್ಣೀರು ಹಾಕುವುದುಂಟು. ಅದು ಚೇತರಿಕೆಯ ಮೊದಲ ಗುರುತು ಎಂದು ತಿಳಿಯಿರಿ. ಇನ್ನೊಂದು ಬಾಟ್ಲಿಗಾಗಿ ಒತ್ತಾಯಿಸುವ ಬದಲು 'ಇಂದಿನ ತೂಕವೆಷ್ಟು? ಮೂತ್ರ ಹೇಗಿದೆ? ರಕ್ತ ಪರೀಕ್ಷೆಯಲ್ಲಿ ಮೂತ್ರಪಿಂಡ ಹೇಗಿದೆ?' ಎಂಬ ಮೂರು ಪ್ರಶ್ನೆಗಳನ್ನು ವಿನಯದಿಂದ ಕೇಳಿರಿ. ಉತ್ತರ ಕೊಡಲು ಯಾವ ವೈದ್ಯರೂ ಬೇಸರಿಸುವುದಿಲ್ಲ.

ಬಂಧುಗಳೇ, ಅತಿಯಾದರೆ ಅಮೃತವೂ ವಿಷವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಅತಿ ಕಡಿಮೆಯಾದರೂ ಹಾನಿಯೆಂದು ಮೂರು ಸಾವಿರ ರೋಗಿಗಳು ತಮ್ಮ ದೇಹವನ್ನೇ ಒಡ್ಡಿ ತೋರಿಸಿಕೊಟ್ಟಿದ್ದಾರೆ. ಅಂತಹ ಅಧ್ಯಯನಕ್ಕೆ ಸೇರಲು ಮುಂದೊಂದು ದಿನ ನಮ್ಮಲ್ಲಿ ಯಾರನ್ನಾದರೂ ಆಸ್ಪತ್ರೆಯವರು ಕೇಳಿಕೊಂಡರೆ, ವಿವರ ತಿಳಿದು, ಯೋಚಿಸಿ ಉತ್ತರ ಕೊಡೋಣ. ನಮ್ಮ ತಾಯಿಯ ಹಾಸಿಗೆಯ ಪಕ್ಕದಲ್ಲಿ ತೂಗುವ ಚೀಲದ ಹಿಂದೆ ಹಾಗೆ ಒಪ್ಪಿಕೊಂಡ ಅಪರಿಚಿತರ ಋಣವಿದೆ.